ನಲವತ್ತೊಂದನೇ ನಂಬರಿನ ಡಬ್ಬಿ

ಜಗಳೂರು
12 ಫೆಬ್ರವರಿ 2024

ಪ್ರದೀಪ,

ಹನ್ನೊಂದು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹೊನ್ನಾಳಿ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ನೋಟ್ಸ್ ನೋಡಿ ಬರೆದುಕೊಂಡು ಪಾಸಾದವನು ನೀನು.

ಹೋದ ಮಂಗಳವಾರ ದಾವಣಗೆರೆಯ ನಿಮ್ಮ ಲ್ಯಾಬಿನ ಕಿಟಕಿಯಲ್ಲಿ ಡಬ್ಬಿ ಕೊಟ್ಟ ನೀಲಿ ಅಂಗಿಯವನು ನಾನೇ. ನೀನು ಮಾಸ್ಕ್ ಹಾಕಿಕೊಂಡಿದ್ದೆ. ಆದರೂ ಎಡಹುಬ್ಬಿನ ಮೇಲಿನ ಗಾಯದ ಗುರುತು ಕಂಡಿತು. ಚಿನ್ನಿದಾಂಡು ಆಡುವಾಗ ನಾನು ಹೊಡೆದ ಚಿನ್ನಿಯಿಂದ ಆದ ಗಾಯ ಅದು, ನನಗೆ ಮರೆಯುತ್ತದೆಯೇ? ನೀನು ಡಬ್ಬಿಯ ಮೇಲಿನ ನಂಬರ್ ನೋಡಿದೆ. ನನ್ನನ್ನು ನೋಡಲಿಲ್ಲ.

ಎಚ್‌ಐವಿ ಮಾತ್ರೆ ನುಂಗುವ ಗಂಡಸರ ರಕ್ತದಲ್ಲಿ ವೈರಸ್ ಎಷ್ಟಿದೆ, ವೀರ್ಯದಲ್ಲಿ ಎಷ್ಟಿದೆ ಎಂದು ಎರಡನ್ನೂ ಅಳೆಯುವ ಅಧ್ಯಯನ ನಿಮ್ಮಲ್ಲಿ ನಡೆಯುತ್ತಿದೆಯಲ್ಲ, ಅದಕ್ಕೆ ಹೆಸರು ಕೊಟ್ಟಿದ್ದೇನೆ. ಒಟ್ಟು ಮೂರು ಸಲ ಬರಬೇಕಂತೆ. ಒಂದು ಮಾತು ಕೇಳುತ್ತೇನೆ, ಡಬ್ಬಿ ತುಂಬಿಸಲು ಕೊಡುವ ಆ ಕೋಣೆಯಲ್ಲಿ ದೇವರ ಕ್ಯಾಲೆಂಡರ್ ನೇತುಹಾಕಿದ ಪುಣ್ಯಾತ್ಮ ಯಾರು? ಮೊದಲು ಅದನ್ನು ಗೋಡೆಯ ಕಡೆ ತಿರುಗಿಸಿ, ಕೈಮುಗಿದು, ಆಮೇಲೆ ಕೂತೆ.

ಇಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಮದುವೆಯಾಗಿ ನಾಲ್ಕು ವರ್ಷ. ಹೆಂಡತಿ ಅಂಬಿಕಾ. ಅವಳಿಗೆ ಎಲ್ಲ ಗೊತ್ತು. ಅವಳಿಗೆ ಕಾಯಿಲೆ ಇಲ್ಲ. ಅವಳಿಗೀಗ ಮೂವತ್ನಾಲ್ಕು, ಒಂದು ಮಗು ಬೇಕು ಎನ್ನುತ್ತಾಳೆ. ಔಷಧಿ ಕೊಡುವ ಡಾಕ್ಟರ್ ದುರ್ಗಾಂಬಿಕಾ ಮೇಡಂ, "ಎರಡು ವರ್ಷದಿಂದ ನಿಮ್ಮ ರಕ್ತದಾಗೆ ವೈರಸ್ ಕಂಡಿಲ್ಲ, ಮಾತ್ರೆ ತಪ್ಪಿಸಿಲ್ಲ, ಹೆಂಡ್ತಿಗೆ ಹರಡಲ್ಲ, ಧೈರ್ಯ ಮಾಡ್ರೀ" ಎಂದರು. ಧೈರ್ಯ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ರಕ್ತದಲ್ಲಿ ಇಲ್ಲವೆಂದರೆ ಅದರಲ್ಲೂ ಇಲ್ಲವೆಂದು ನಾನು ಹೇಗೆ ನಂಬಲಿ? ಅವಳಿಗೇನಾದರೂ ಆದರೆ ಆಮೇಲೆ ಯಾವ ಮುಖ ಹೊತ್ತು ಬದುಕಲಿ?

ಲೆಕ್ಕ ನಮಗೆ ಹೇಳುವುದಿಲ್ಲವಂತೆ, ಅದು ಅಧ್ಯಯನಕ್ಕೆ ಮಾತ್ರವಂತೆ. ನನ್ನ ನಂಬರ್ ನಲವತ್ತೊಂದು. ಹಿಂದೆ ಒಮ್ಮೆ ನೀನು ಹೇಳಬಾರದ್ದನ್ನು ಹೇಳಿದೆ. ಈಗ ನನಗೋಸ್ಕರ ಇನ್ನೊಂದು ಸಲ ಹೇಳು.

ಫೋನ್ ಮಾಡಬೇಡ. ಅಂಗಡಿಯಲ್ಲಿ ಸದಾ ನಾಲ್ಕು ಜನ ಇರುತ್ತಾರೆ, ಮನೆಯಲ್ಲಿ ಅತ್ತೆ ಕರಿಯಕ್ಕ ಇರುತ್ತಾಳೆ.

ದುರುಗೇಶ್


ಚನ್ನಗಿರಿ
3 ಮಾರ್ಚ್ 2024

ದುರುಗೇಶ,

ನಿನ್ನ ಪತ್ರ ಹದಿನೈದು ದಿನ ನನ್ನ ಊಟದ ಬ್ಯಾಗಿನಲ್ಲೇ ಓಡಾಡಿತು. ದಿನಾ ಚನ್ನಗಿರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಚನ್ನಗಿರಿಗೆ. ತ್ಯಾವಣಿಗೆ ದಾಟುವ ಹೊತ್ತಿಗೆ ತೆಗೆದು ಓದುತ್ತೇನೆ, ಮತ್ತೆ ಮಡಚಿಡುತ್ತೇನೆ. ನಲವತ್ತು ದಾಟಿಲ್ಲ, ಸೊಂಟ ಮಾತ್ರ ಅರವತ್ತರದ್ದಾಗಿದೆ. ನೀನು ಬದುಕಿದ್ದೀಯೆಂದು ಗೊತ್ತಾಗಿ ಸಂತೋಷವಾಯಿತು. ಇದನ್ನು ಹೇಳುವ ಹಕ್ಕು ನನಗಿಲ್ಲದಿದ್ದರೂ ಹೇಳುತ್ತಿದ್ದೇನೆ.

ನಂಬರ್ ಹೇಳಲಾರೆ. ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ. ಒಮ್ಮೆ ಬಾಯಿಬಿಟ್ಟು ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಲ್ಲ.

ಆದರೆ ನಿನ್ನ ಡಬ್ಬಿಗೆ ಏನಾಗುತ್ತದೆ ಎನ್ನುವುದನ್ನು ಹೇಳಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಮೊದಲು ಅರ್ಧ ಗಂಟೆ ಸುಮ್ಮನೆ ಇಡುತ್ತೇವೆ, ಗಟ್ಟಿಯಾಗಿದ್ದದ್ದು ನೀರಾಗಬೇಕು. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕಣಗಳು ಅಡಿಗೆ ಕೂರುತ್ತವೆ, ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲಿ ತೇಲುವ ವೈರಸ್ಸನ್ನು ಒಂದು ಕಡೆ ಅಳೆಯುತ್ತೇವೆ, ಕಣಗಳೊಳಗೆ ಅಡಗಿದ್ದನ್ನು ಇನ್ನೊಂದು ಕಡೆ. ಅಳೆಯುವ ಯಂತ್ರ ರಕ್ತಕ್ಕೆಂದು ಮಾಡಿದ್ದು. ವೀರ್ಯ ಕಂಡರೆ ಅದು ಮೊಂಡು ಹಿಡಿಯುತ್ತದೆ. ವೀರ್ಯದಲ್ಲಿರುವ ಏನೇನೋ ಸತ್ವ ಪರೀಕ್ಷೆಯನ್ನೇ ಕಟ್ಟಿಹಾಕುತ್ತದೆ. ತೊಳೆಯಬೇಕು, ತೆಳು ಮಾಡಬೇಕು, ಮತ್ತೆ ಹಾಕಬೇಕು. ಬಂದ ಫಲಿತಾಂಶವನ್ನು ಒಬ್ಬನೇ ಓದುವಂತಿಲ್ಲ. ಇಬ್ಬರು ಬೇರೆ ಬೇರೆ ಓದಿ, ಎರಡೂ ತಾಳೆಯಾದರೆ ಮಾತ್ರ ಬರೆದುಕೊಳ್ಳುತ್ತೇವೆ.

ಮೇಡಂ ಹೇಳಿದ್ದನ್ನು ನಂಬು. ರಕ್ತದ ಲೆಕ್ಕವೇ ಸಾಕು. ನಮ್ಮದು ಪುಸ್ತಕಕ್ಕೆ ಬೇಕಾದ ಲೆಕ್ಕ.

ಕ್ಯಾಲೆಂಡರ್ ತೆಗೆಸಿದ್ದೇನೆ.

ಪ್ರದೀಪ್


ಜಗಳೂರು
20 ಮಾರ್ಚ್ 2024

ಪ್ರದೀಪ,

ನಾನು ಕೇಳಿದ್ದು ಒಂದು, ನೀನು ಮಾಡಿದ್ದು ಪಾಠ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಗಾದೆ ನೀನು ಈಗ ಕಲಿತೆಯಾ? 2013ರಲ್ಲಿ ನಾನು ಬೋರ್‌ವೆಲ್ ಲಾರಿಯ ಕೆಲಸ ಬಿಟ್ಟು ಜ್ವರ ಹೊತ್ತುಕೊಂಡು ಹೊನ್ನಾಳಿಗೆ ಬಂದಾಗ ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದವನು ನೀನು. ರಿಪೋರ್ಟ್ ಕೈಗೆ ಕೊಟ್ಟು, ನನ್ನ ಜೊತೆ ಕೂತು ಅತ್ತವನೂ ನೀನು. ವಾರ ಕಳೆಯುತ್ತಿದ್ದಂತೆಯೇ ನ್ಯಾಮತಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ನನಗೆ ನಿಶ್ಚಯವಾಗಿದ್ದ ಸುಧಾಳ ಅಪ್ಪ ಚಿತ್ತಪ್ಪನ ಎದುರು ಕೂತು, "ನಿಮ್ಮ ಹುಡುಗೀನ ಅವನಿಗೆ ಕೊಡಬ್ಯಾಡ್ರೀ, ಅವನಿಗೆ ಹಿಂಗಿಂಗೈತೆ" ಎಂದವನೂ ನೀನೇ. ಮದುವೆ ಮುರಿಯಿತು, ಅದಿರಲಿ. ಆ ಮನುಷ್ಯ ನಮ್ಮೂರ ಬಸ್ಸಿನಲ್ಲಿ ನಿಂತು ಕೂಗಿದ. ಅವ್ವ ನನ್ನ ತಟ್ಟೆ ಬೇರೆ ಇಟ್ಟಳು. ಆ ತಟ್ಟೆಯನ್ನೇ ಚೀಲಕ್ಕೆ ಹಾಕಿಕೊಂಡು ಜಗಳೂರಿಗೆ ಬಂದೆ.

ಕೇಳದವನ ಊರಿಗೆ ಹೋಗಿ ಹೇಳಿ ಬರಲು ನಿನಗೆ ಯಾವ ಸಹಿಯೂ ಅಡ್ಡ ಬರಲಿಲ್ಲ. ನನ್ನದನ್ನು ನಾನೇ ಕೇಳಿದರೆ ಮಾತ್ರ ಕಾನೂನು ನೆನಪಾಗುತ್ತದೆ.

ಇನ್ನು ಬರೆಯುವುದಿಲ್ಲ. ಸಾಕಾಗಿದೆ.

ದುರುಗೇಶ್


ಚನ್ನಗಿರಿ
14 ಏಪ್ರಿಲ್ 2024

ದುರುಗೇಶ,

ನಲವತ್ತೊಂದು: ವೈರಸ್ ಕಂಡುಬಂದಿಲ್ಲ.

ಇಂದು ರಜೆ. ಆದರೂ ಏನೋ ಕೆಲಸವಿದೆಯೆಂದು ಸುಳ್ಳು ಹೇಳಿ ಲ್ಯಾಬಿಗೆ ಹೋಗಿ, ಬಾಗಿಲು ಹಾಕಿಕೊಂಡು ನೋಡಿ ಬಂದೆ. ಅಂದು ಕೇಳದವನಿಗೆ ಹೇಳಿದೆ. ಇಂದು ಕೇಳಿದವನಿಗೆ ಹೇಳದೆ ಹೋದರೆ ನಾನು ಎಂಥವನು ಎಂದು ಮೂರು ವಾರದಿಂದ ಯೋಚಿಸಿದ್ದೇನೆ. ಇದರಿಂದ ನನ್ನ ಕೆಲಸ ಹೋದರೂ ಹೋಗಲಿ.

ಪತ್ರ ಸುಟ್ಟುಬಿಡು. ನಿನಗೂ ಅಂಬಿಕಾ ಅವರಿಗೂ ಒಳ್ಳೆಯದಾಗಲಿ.

ಪ್ರದೀಪ್


ಜಗಳೂರು
2 ಆಗಸ್ಟ್ 2024

ಪ್ರದೀಪ,

ಬರೆಯುವುದಿಲ್ಲ ಎಂದವನು ಬರೆಯುತ್ತಿದ್ದೇನೆ, ನಗಬೇಡ. ಅಂಬಿಕಾಗೆ ಎರಡು ತಿಂಗಳು.

ಯಾರಿಗೂ ಹೇಳಿಲ್ಲ. ಕರಿಯಕ್ಕ ಮಾತ್ರ ಮಗಳ ಮುಖ ನೋಡಿಯೇ ಕಂಡುಹಿಡಿದು, "ಹುಣಸೆಹಣ್ಣಿನ ಡಬ್ಬಿ ಖಾಲಿ ಆಗೈತೆ, ನನಗೇನು ಕಣ್ಣಿಲ್ವಾ?" ಎಂದಳು. ನಾಲ್ಕು ವರ್ಷದಿಂದ ನನ್ನ ಜೊತೆ ನಾಲ್ಕು ಮಾತು ಆಡದವಳು, ನಿನ್ನೆ ನನ್ನ ತಟ್ಟೆಗೆ ತಾನಾಗಿ ಎರಡನೇ ರೊಟ್ಟಿ ಹಾಕಿದಳು.

ನಿನ್ನ ಪತ್ರ ಸುಡಲಿಲ್ಲ. ವೈಂಡಿಂಗ್ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ. ತಂತಿ ಸುತ್ತಿ ಸುತ್ತಿ ಕೈ ಸೋತಾಗ ತೆಗೆದು ನೋಡುತ್ತೇನೆ. 'ಕಂಡುಬಂದಿಲ್ಲ.' ಇಷ್ಟು ದಿನದಲ್ಲಿ ನನಗೆ ಯಾರು ಬರೆದ ಪತ್ರದಲ್ಲೂ ಇಷ್ಟು ಒಳ್ಳೆಯ ಮಾತು ಇರಲಿಲ್ಲ. ಮೇಡಂ ಹತ್ತು ಸಲ ಹೇಳಿದ್ದರೂ ನನಗೆ ನಿದ್ದೆ ಬಂದದ್ದು ನಿನ್ನ ಒಂದು ಸಾಲಿನಿಂದ.

ಎರಡನೇ ಸಲ ಡಬ್ಬಿ ಕೊಡಲು ಬಂದಾಗ ನೀನು ಕತ್ತೆತ್ತಿ ನೋಡಿದೆ. ನಾನೂ ನೋಡಿದೆ. ಅಷ್ಟೇ ಸಾಕಿತ್ತು. ದಸರಾ ರಜೆಗೆ ಜಗಳೂರಿಗೆ ಬಾ. ಹಳೆಯದನ್ನು ತೆಗೆಯುವುದಿಲ್ಲ.

ದುರುಗೇಶ್


ಚನ್ನಗಿರಿ
19 ಆಗಸ್ಟ್ 2024

ದುರುಗೇಶ,

ಇದನ್ನು ಕೂತುಕೊಂಡು ಓದು. ಅಂಬಿಕಾ ಅವರೂ ಪಕ್ಕದಲ್ಲಿರಲಿ.

ನಾನು ಹೇಳಿದ ಫಲಿತಾಂಶ ತಪ್ಪು.

ಪ್ರತಿ ಟ್ಯೂಬಿಗೂ ನಾವೇ ಒಂದು ಸಾಕ್ಷಿಯನ್ನು ಹಾಕಿರುತ್ತೇವೆ. ಯಾರಿಗೂ ಕೇಡು ಮಾಡದ, ಅಳತೆ ಗೊತ್ತಿರುವ ಒಂದು ತುಣುಕು. ಪರೀಕ್ಷೆ ಸರಿಯಾಗಿ ನಡೆದರೆ ಆ ಸಾಕ್ಷಿ ತೋರಲೇಬೇಕು. ಸಾಕ್ಷಿಯೂ ತೋರದಿದ್ದರೆ ವೈರಸ್ ಇಲ್ಲವೆಂದಲ್ಲ, ಪರೀಕ್ಷೆಗೇ ಕಣ್ಣು ಕಟ್ಟಿದೆಯೆಂದು ಅರ್ಥ. ಏಪ್ರಿಲಿನಲ್ಲಿ ನಾನು ಕದ್ದು ನೋಡಿದಾಗ ಮೊದಲ ಸಾಲು ನೋಡಿದೆ. ಸಾಕ್ಷಿಯ ಸಾಲು ಅದರ ಕೆಳಗೇ ಇತ್ತು. ನೋಡಲಿಲ್ಲ. 'ಇಲ್ಲ' ಎಂದು ಕಂಡ ಕೂಡಲೇ ನಿನಗೆ ಬರೆಯಬೇಕೆಂಬ ಆತುರ. ಇಬ್ಬರು ಓದಬೇಕು ಎನ್ನುವ ನಿಯಮವನ್ನು ನಿನಗೆ ದೊಡ್ಡದಾಗಿ ಬರೆದವನು ನಾನೇ. ಗುಟ್ಟಾಗಿ ನೋಡುವವನಿಗೆ ಎರಡನೆಯವನನ್ನು ಕರೆಯಲು ಬಾಯಿ ಎಲ್ಲಿರುತ್ತದೆ?

ಹೋದ ವಾರ ಆ ಸುತ್ತಿನ ಫಲಿತಾಂಶಗಳನ್ನೆಲ್ಲ ಒಟ್ಟಿಗೆ ಕೂತು ಓದುವಾಗ ನಮ್ಮ ಸತೀಶ್ ಕುಮಾರ್ ಸರ್, "ನಲವತ್ತೊಂದು ಲೆಕ್ಕಕ್ಕಿಲ್ಲ ಕಣಯ್ಯಾ, ಸಾಕ್ಷೀನೇ ಎದ್ದಿಲ್ಲ, ತೆಳು ಮಾಡಿ ಮತ್ತೆ ಹಾಕು" ಎಂದರು. ಹಾಕಿದೆವು. ಸಾಕ್ಷಿ ಎದ್ದಿತು. ಜೊತೆಗೆ ವೈರಸ್ಸೂ ಕಂಡಿತು. ಒಂದು ಮಿಲಿಗೆ ಮುನ್ನೂರರ ಆಸುಪಾಸು.

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈದರು. ಬೈದು ಮುಗಿಸಿ, "ರಕ್ತದಾಗೆ ಇಲ್ಲದಿದ್ದಾಗ ಅಲ್ಲಿ ಒಮ್ಮೊಮ್ಮೆ ಸ್ವಲ್ಪ ಕಾಣೋದು ಐತೆ. ಹಂಗೆ ಕಂಡವರಿಂದ ಹೆಂಡ್ತಿಗೆ ಹರಡಿದ್ದಿಲ್ಲ. ನಾನು ಧೈರ್ಯ ಹೇಳಿದ್ದು ರಕ್ತ ನೋಡಿ, ನಿಮ್ಮ ನಂಬರ್ ನೋಡಿ ಅಲ್ಲ" ಎಂದರು. ಇದು ಸಮಾಧಾನಕ್ಕೆ ಬರೆದದ್ದಲ್ಲ, ಅವರು ಹೇಳಿದ ಮಾತೇ ಇದು. ಅಂಬಿಕಾ ಅವರನ್ನು ಬಂದು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದ್ದಾರೆ.

ಈ ಪತ್ರ ಬರೆಯದೆ ಇದ್ದರೆ ನಿನಗೆಂದೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಅದನ್ನೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಬರೆಯದಿರಲು ಆಗಲಿಲ್ಲ. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ.

ಪ್ರದೀಪ್


ಚನ್ನಗಿರಿ
30 ಸೆಪ್ಟೆಂಬರ್ 2024

ದುರುಗೇಶ,

ಉತ್ತರ ಬರಲಿಲ್ಲ. ಬರಬೇಕೆಂದು ಕೇಳುತ್ತಲೂ ಇಲ್ಲ.

ನಂಬರ್ ಹೊರಗೆ ಹೇಳಿದ್ದನ್ನು ಸತೀಶ್ ಕುಮಾರ್ ಸರ್‌ಗೆ ಬರೆದುಕೊಟ್ಟೆ. ನನ್ನನ್ನು ಆ ಅಧ್ಯಯನದಿಂದ ತೆಗೆದು ಬಾಟಲಿ ತೊಳೆಯುವ ಕಡೆ ಹಾಕಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ನೋಡಬೇಕು. ನೀನು ಮೂರನೇ ಸಲ ಬರಲೇ ಇಲ್ಲವೆಂದು ಕಿಟಕಿಯ ಹುಡುಗಿ ಹೇಳಿದಳು.

ಅಂಬಿಕಾ ಅವರು ಹೇಗಿದ್ದಾರೆ? ಒಂದೇ ಒಂದು ಸಾಲು ಬರೆ. ಬೈಗುಳವಾದರೂ ಸರಿ.

ಪ್ರದೀಪ್


ಜಗಳೂರು
17 ನವೆಂಬರ್ 2024

ಪ್ರದೀಪಣ್ಣನವರಿಗೆ,

ನಾನು ಅಂಬಿಕಾ. ನೀವು ಬರೆದ ಪತ್ರಗಳೆಲ್ಲ ನನ್ನ ಹತ್ತಿರ ಇವೆ, ಮೊದಲಿನಿಂದ ಓದಿದ್ದೇನೆ. ಹೊಲಿಗೆ ಮೆಷಿನ್ ಮುಂದೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆಗಿದ್ದರೆ ಹೊಂದಿಸಿಕೊಳ್ಳಿ.

ನಿಮ್ಮ ಆಗಸ್ಟಿನ ಪತ್ರ ಓದಿ ಅವರು ಒಂದೇ ಮಾತು ಆಡಿದರು. "ಲೈನಿನಾಗೆ ಕರೆಂಟ್ ಇಲ್ಲ ಅನ್ನಾಕೆ ಮುಂಚೆ ಟೆಸ್ಟರನ್ನ ಕರೆಂಟ್ ಇರೋ ಪ್ಲಗ್ಗಿಗೆ ಒಂದ್ಸಲ ಇಟ್ಟು ನೋಡ್ಬೇಕು. ಟೆಸ್ಟರೇ ಕೆಟ್ಟಿದ್ರೆ? ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಇದು ಗೊತ್ತೈತೆ. ಇವನಿಗೆ ಗೊತ್ತಾಗ್ಲಿಲ್ಲ." ಅಷ್ಟೇ. ಅಂದಿನಿಂದ ಮಲಗುವುದು ಅಂಗಡಿಯಲ್ಲಿ. ಊಟಕ್ಕೆ ಬರುತ್ತಾರೆ, ಕತ್ತು ತಗ್ಗಿಸಿ ಉಂಡು ಹೋಗುತ್ತಾರೆ. ಮಾತ್ರೆ ಮಾತ್ರ ತಪ್ಪಿಸಿಲ್ಲ, ಅದನ್ನು ನಾನೇ ಎಣಿಸಿ ನೋಡುತ್ತೇನೆ. ಅವ್ವ, "ಇವನಿಗೇನಾಗೈತೆ, ಯಾರಾದ್ರೂ ಮಾಟ ಮಾಡಿಸ್ಯಾರಾ?" ಎಂದು ಕೇಳುತ್ತಾಳೆ. ಏನೆಂದು ಹೇಳಲಿ?

ಒಂದು ಮಾತು ನಿಮಗೆ ತಿಳಿಯಬೇಕು. ನಾನು ಮಗು ಬೇಕು ಎಂದದ್ದು ನಿಮ್ಮ ನಂಬರ್ ನೋಡಿ ಅಲ್ಲ. ಮೇಡಂ ಹತ್ತಿರ ಒಬ್ಬಳೇ ಎರಡು ಸಲ ಹೋಗಿ, ಕೇಳಬೇಕಾದ್ದೆಲ್ಲ ಕೇಳಿ, ತಿಳಿದುಕೊಂಡು ಒಪ್ಪಿದೆ. ನನ್ನ ಮೈ, ನನ್ನ ಜೀವ. ಆದರೆ ನೀವಿಬ್ಬರು ಆರು ತಿಂಗಳು ಪತ್ರ ಬರೆದುಕೊಂಡಿರಿ. ಒಬ್ಬರಾದರೂ 'ಅಂಬಿಕಾ ಏನಂತಾಳೆ' ಎಂದು ಕೇಳಿದಿರಾ? ಹಿಂದೆ ಸುಧಾ ಎನ್ನುವ ಹುಡುಗಿಯ ವಿಷಯದಲ್ಲೂ ಹೀಗೇ ಆಗಿದೆ, ಅವರೇ ಹೇಳಿದ್ದಾರೆ. ನೀವು ಅವಳಪ್ಪನಿಗೆ ಹೇಳಿದಿರಿ. ಅವಳಿಗೆ ಹೇಳಲಿಲ್ಲ. ನಮ್ಮ ಕಡೆ ಹೆಣ್ಣಿನ ಮಾತು ಅಪ್ಪನ ಹತ್ತಿರವೇ ಆಡುವುದು, ನೀವೂ ಹಾಗೇ ಮಾಡಿದಿರಿ. ಮದುವೆ ಆಗಬೇಕಿದ್ದವಳು ಅವಳಲ್ಲವಾ?

ಪರೀಕ್ಷೆಗೆ ನಾನೊಬ್ಬಳೇ ದಾವಣಗೆರೆಗೆ ಹೋಗಿ ಬಂದೆ. ಒಂದು ಸಲವಲ್ಲ, ಎರಡು ಸಲ. ರಿಪೋರ್ಟುಗಳು ಸಾಸಿವೆ ಡಬ್ಬಿಯಲ್ಲಿವೆ. ಅವರು ಇನ್ನೂ ಕೇಳಿಲ್ಲ. ಕೇಳುವುದಕ್ಕೆ ಭಯ. ಅವರು ನನ್ನ ಮುಖ ನೋಡಿ, "ಅಂಬಿಕಾ, ಏನು ಬಂತು?" ಎಂದು ಕೇಳುವವರೆಗೆ ನಾನಾಗಿ ಹೇಳುವುದಿಲ್ಲ. ಹಟ ಎಂದುಕೊಳ್ಳಿ. ನಿಮಗೂ ಹೇಳುವುದಿಲ್ಲ. ಅದು ನನ್ನದು.

ಸಿಟ್ಟಿಲ್ಲ ಅಣ್ಣ. ತುಂಬಾ ಸುಸ್ತಾಗಿದೆ. ಆರನೇ ತಿಂಗಳು, ಕಾಲು ಊದಿಕೊಳ್ಳುತ್ತದೆ.

ಅಂಬಿಕಾ


ಜಗಳೂರು
27 ಏಪ್ರಿಲ್ 2025

ಪ್ರದೀಪ,

ಈ ಪತ್ರವನ್ನು ಅಂಬಿಕಾ ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ನಾನು ಬರೆದ ಪ್ರತಿ ಸಾಲು ಓದುತ್ತಾಳೆ. ಇನ್ನು ನಮ್ಮ ಮನೆಯಲ್ಲಿ ಅದೇ ನಿಯಮ, ಇಬ್ಬರು ಓದಬೇಕು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವಳು ಬಿಂದಿಗೆ ಎತ್ತಲಾರದೆ ಅಲ್ಲೇ ಕೆಳಗೆ ಕೂತುಬಿಟ್ಟಳು. ಓಡಿಹೋಗಿ ಹಿಡಿದೆ. ನಾಲ್ಕು ತಿಂಗಳಾಗಿತ್ತು ಅವಳ ಕೈ ಮುಟ್ಟಿ. ಆಗ ಬಾಯಿಗೆ ಬಂತು, "ಏನು ಬಂತು ಅಂಬಿಕಾ?" ಅವಳು, "ಇಷ್ಟು ದಿನ ಬೇಕಾಯ್ತಾ ನಿನಗೆ, ಕೇಳಾಕೆ?" ಎಂದಳು. ಆಮೇಲೆ, "ಇಲ್ಲ. ಎರಡು ಸಲಾನೂ ಇಲ್ಲ" ಎಂದಳು. ಸಾಸಿವೆ ಡಬ್ಬಿಯಿಂದ ರಿಪೋರ್ಟ್ ತಂದು ಕೊಟ್ಟಳು. ನಾನು ಅಳುತ್ತಿದ್ದೆ, ಓದಲು ಆಗಲಿಲ್ಲ. ಅವಳೇ ಓದಿ ಹೇಳಿದಳು.

ಮಾರ್ಚ್ ಹನ್ನೊಂದಕ್ಕೆ ಹೆಣ್ಣುಮಗು ಹುಟ್ಟಿತು. ಹೆರಿಗೆಯ ಹೊತ್ತಿಗೆ ಮತ್ತೊಮ್ಮೆ ನೋಡಿದರು, ಮೊನ್ನೆ ಇನ್ನೊಮ್ಮೆ ನೋಡಿದರು. ಅಂಬಿಕಾಗೆ ಏನೂ ಇಲ್ಲ. ಮಗುವಿನ ಬಗ್ಗೆ ಕೇಳಿದ್ದಕ್ಕೆ, "ತಾಯಿಗೇ ಇಲ್ಲದ್ದು ಮಗೂಗೆ ಎಲ್ಲಿಂದ ಬರತೈತೆ, ಮನೆಗೆ ನಡೀರಿ" ಎಂದರು ಮೇಡಂ. ಮೊದಲಿನಿಂದಲೂ ಅವರು ಹೇಳಿದ್ದೇ ಸರಿಯಿತ್ತು. ನಾನು ಮಾತ್ರ ಅವರ ಮಾತು ಬಿಟ್ಟು ನಿನ್ನ ಕಿಟಕಿ ಹುಡುಕಿಕೊಂಡು ಬಂದೆ. ಕರಿಯಕ್ಕ ಮೊಮ್ಮಗಳಿಗೆ ದೇವತೆ ಅಂತರಘಟ್ಟಮ್ಮನ ಹೆಸರಿಡಬೇಕೆಂದು ಹಟ ಹಿಡಿದಿದ್ದಾಳೆ. ಅಂಬಿಕಾ ಒಪ್ಪುತ್ತಿಲ್ಲ.

ನಿನ್ನ ತಪ್ಪಿಗೆ ನಾಲ್ಕು ತಿಂಗಳು ಸತ್ತಂತೆ ಬದುಕಿದೆ. ಅದನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ಆದರೆ ಹೇಳದೆ ಉಳಿಯಬಹುದಾಗಿದ್ದವನು ಹೇಳಿದೆ. ಅದನ್ನೂ ಮರೆತಿಲ್ಲ.

ಈಗ ನನ್ನದೊಂದು ಮಾತಿದೆ. ಇದನ್ನು ಅಂಬಿಕಾಗೆ ನಿನ್ನೆ ಹೇಳಿದೆ, ನಿನಗೆ ಇಂದು ಹೇಳುತ್ತಿದ್ದೇನೆ. 2013ರಲ್ಲಿ ರಿಪೋರ್ಟ್ ಕೊಟ್ಟ ದಿನ ನೀನು ನನ್ನನ್ನು ಕೇಳಿದೆ, "ಸುಧಾಗೆ ಯಾವಾಗ ಹೇಳ್ತೀಯೋ?" ಎಂದು. ನಾನು, "ಲಗ್ನಪತ್ರಿಕೆ ಅಚ್ಚಾಗೈತೆ, ಮದುವೆ ಆದ್ಮೇಲೆ ನೋಡಾನ" ಎಂದೆ. ನೀನು ಒಂದು ವಾರ ದಿನಾ ಬಂದು ಕೇಳಿದೆ. ನಾನು ದಿನಾ ಅದನ್ನೇ ಹೇಳಿದೆ. ಎಂಟನೇ ದಿನ ನೀನು ನ್ಯಾಮತಿಗೆ ಹೋದೆ. ಹೋಗಬೇಕಾದ್ದು ಅವಳಪ್ಪನ ಹತ್ತಿರ ಅಲ್ಲ, ಅದು ನಿನ್ನ ತಪ್ಪು, ಅದಕ್ಕೆ ಮಾಫಿಯಿಲ್ಲ. ಆದರೆ ಈ ಹನ್ನೊಂದು ಹನ್ನೆರಡು ವರ್ಷ ನಾನು ನನಗೆ ನಾನೇ, ಆಮೇಲೆ ಅಂಬಿಕಾಗೆ, ನಿನ್ನ ಕಥೆಯನ್ನಷ್ಟೇ ಹೇಳಿಕೊಂಡು ಬಂದೆ. ಆ ಒಂದು ವಾರದ ಕಥೆಯನ್ನು ಯಾರಿಗೂ ಹೇಳಲಿಲ್ಲ. ನಿನಗೆ ಬರೆದ ಪತ್ರದಲ್ಲೂ ಬಿಟ್ಟೆ. ನೀನೂ ಅದನ್ನು ಎತ್ತಿ ಆಡಲಿಲ್ಲ.

ನೀನು ಹೋಗದೆ ಇದ್ದಿದ್ದರೆ ನಾನು ಅವಳಿಗೆ ಹೇಳುತ್ತಿರಲಿಲ್ಲ ಪ್ರದೀಪ. ಮಾತ್ರೆಯನ್ನೂ ಶುರು ಮಾಡದೆ, ಸುಮ್ಮನೆ ತಾಳಿ ಕಟ್ಟುತ್ತಿದ್ದೆ. ಮಗಳನ್ನು ಎತ್ತಿಕೊಂಡಾಗಲೆಲ್ಲ ಅದೇ ನೆನಪಾಗುತ್ತದೆ. ಇವಳೂ ಯಾರದೋ ಮನೆಗೆ ಹೋಗುವವಳು.

ಇದನ್ನು ನೀನು ಯಾರಿಗೆ ಬೇಕಾದರೂ ಹೇಳು. ಸುಧಾ ಎಲ್ಲಾದರೂ ಸಿಕ್ಕರೆ ಅವಳಿಗೂ ಹೇಳು. ಇದು ನನ್ನ ಮಾತು, ನಾನೇ ಹೇಳು ಎನ್ನುತ್ತಿದ್ದೇನೆ.

ದುರುಗೇಶ್

(ಓದಿದ್ದೇನೆ. ಸರಿಯಾಗಿದೆ. ಮಗು ನೋಡಲು ಬನ್ನಿ ಅಣ್ಣ. — ಅಂಬಿಕಾ)